ಮಾಡು ಎಂಬ ಕ್ರಿಯಾಪದ

ರಾಕ್ ಬ್ಯಾಂಡುಗಳು ಒಡೆದುಹೋಗುವುದಕ್ಕೆ ಮಾದಕ ವಸ್ತು, ಅಹಂಕಾರ, ಪ್ರೇಮ ವೈಫಲ್ಯ ಮುಂತಾದ ಘನವಾದ ಕಾರಣಗಳಿರುತ್ತವೆ ಎಂದು ಕೇಳಿದ್ದೇನೆ. ನಮ್ಮ ಬ್ಯಾಂಡಿಗೆ ಅಷ್ಟು ಯೋಗ್ಯತೆ ಇರಲಿಲ್ಲ. ನಮ್ಮದು ವ್ಯಾಕರಣದಿಂದ ಹಾಳಾಯಿತು. ಅದೂ ಒಂದೇ ಒಂದು ಕ್ರಿಯಾಪದದಿಂದ, ವಿಧ್ಯರ್ಥ ಏಕವಚನದಿಂದ.

ಆ ಬ್ಯಾಂಡಿನಲ್ಲಿ ನಾನು ಸೌಂಡ್‌ನವನು. ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಅಡ್ಡರಸ್ತೆಯಲ್ಲಿ ಮೂವತ್ತು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ, ಕಿವಿ ಚುಚ್ಚುವ ಶಾಸ್ತ್ರ, ಕುಂಭಾಭಿಷೇಕ, ಎಲ್ಲ ಪಕ್ಷಗಳ ಸಭೆ, ಆ ಪಕ್ಷಗಳ ಮುಖಂಡರು ತೀರಿಕೊಂಡಾಗ ಶೋಕಸಭೆ, ಹೀಗೆ ಈ ಊರಿನ ಸಕಲ ಸಂಸ್ಕಾರಗಳಿಗೂ ಧ್ವನಿ ಒದಗಿಸಿದ ಪುಣ್ಯ ನನ್ನದು. ಐವತ್ತೈದನೆಯ ವಯಸ್ಸಿನಲ್ಲಿ ರಾಕ್ ಬ್ಯಾಂಡಿಗೆ ಸೇರಿದ್ದು ಸಂಗೀತದ ಮೇಲಿನ ಭಕ್ತಿಯಿಂದಲ್ಲ. ಹಾಡುವವನು ನನ್ನ ತಂಗಿಯ ಮಗ. ನಮ್ಮಲ್ಲಿ ಸೋದರಮಾವನಾದವನು ಅಳಿಯನಿಗೆ ತೊಟ್ಟಿಲಿನಿಂದ ಹಿಡಿದು ಎಲ್ಲಕ್ಕೂ ಮುಂದೆ ನಿಲ್ಲಬೇಕು. ಸ್ಪೀಕರ್ ಬಾಕ್ಸುಗಳನ್ನೂ ಆ ಪಟ್ಟಿಗೆ ಸೇರಿಸಿಕೊಂಡೆ.

ನಾವು ನೇಯ್ಗೆಯವರು. ಯಾವ ಕಾಲದಲ್ಲಿ, ಯಾವ ರಾಜನ ಕಾಟಕ್ಕೆ ಮೈಸೂರು ಸೀಮೆ ಬಿಟ್ಟು ಈ ಕಡೆ ಬಂದೆವು ಎಂಬುದರ ಬಗ್ಗೆ ನಮ್ಮ ಹಿರಿಯರಲ್ಲಿ ಒಮ್ಮತವಿಲ್ಲ. ಬಂದೆವು ಎಂಬುದರ ಬಗ್ಗೆ ಇದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಮ್ಮ ಮನೆಗಳಲ್ಲಿ ಯಾರಿಗೂ ಬಾರದು. ನನಗೆ ಬಂದದ್ದು, ಒಂದು ಕಾಲದಲ್ಲಿ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡ ಕಡೆಯ ಬ್ಯಾಂಕ್ ನೌಕರರೊಬ್ಬರಿಗೆ ಸಂಜೆ ಹೊತ್ತು ಬೇರೆ ಕೆಲಸವಿಲ್ಲದ್ದರಿಂದ.

ತಂಗಿಯ ಮನೆ ಕರುಮತ್ತಂಪಟ್ಟಿಯಲ್ಲಿ. ಮನೆಗೆ ಅಂಟಿಕೊಂಡೇ ಎಂಟು ಪವರ್‌ಲೂಮ್ ಮಗ್ಗಗಳ ಶೆಡ್ಡು. ಎಂಟು ಮಗ್ಗಗಳ ಸದ್ದಿನ ಮೇಲೆ ‘ಅಮ್ಮಾ, ಹಸಿವು’ ಎಂಬುದನ್ನು ಕೇಳಿಸಬೇಕಾದ ಮಗುವಿಗೆ ಬೇರೆ ಸಂಗೀತ ಶಿಕ್ಷಣ ಬೇಕಾಗುವುದಿಲ್ಲ. ಹುಡುಗನ ಕಂಠ ಹಾಗೆ ಬೆಳೆಯಿತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವನಿಗೆ ಗಿಟಾರಿನವನೊಬ್ಬ, ಡ್ರಮ್ಮಿನವನೊಬ್ಬ, ಬೇಸ್ ಗಿಟಾರಿನವನೊಬ್ಬ ಸಿಕ್ಕರು. ತಾವೇ ಬರೆದ ತಮಿಳು ಹಾಡುಗಳನ್ನು ತಾವೇ ಹಾಡತೊಡಗಿದರು. ಪದವಿ ಮುಗಿದಾಗ ತಂಗಿ ಮಗನಿಗೆ ಎರಡು ವರ್ಷ ಗಡುವು ಕೊಟ್ಟಳು: ಅಷ್ಟರೊಳಗೆ ಹಾಡಿನಲ್ಲಿ ನೆಲೆ ನಿಂತರೆ ಸರಿ, ಇಲ್ಲದಿದ್ದರೆ ಕೆಲಸಕ್ಕೆ. ಅವನು ಒಪ್ಪಿದ. ನಾನು ಸಾಕ್ಷಿ ನಿಂತೆ. ನಾನು ಹೇಳುತ್ತಿರುವ ಸಂಗತಿ ನಡೆದಾಗ ಆ ಗಡುವಿನಲ್ಲಿ ಐದು ತಿಂಗಳು ಉಳಿದಿತ್ತು. ಬೇಸಿಗೆಯೊಳಗೆ ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳ ಏಳು ಕಾಲೇಜುಗಳ ಉತ್ಸವಗಳಿಗೆ ಬ್ಯಾಂಡನ್ನು ಕರೆದಿದ್ದರು. ಏಳನ್ನೂ ಮುಗಿಸಿದರೆ ಅಮ್ಮನ ಮುಂದೆ ನಿಂತು ಮಾತಾಡಬಹುದು ಎಂದು ಅವನ ಲೆಕ್ಕ.

ಇನ್ನು ನಮ್ಮ ಕೆಲಸದ ಕ್ರಮ. ದೊಡ್ಡ ಬ್ಯಾಂಡುಗಳಲ್ಲಿ ವೇದಿಕೆಯ ಮೇಲಿರುವವರಿಗೂ, ಜನರ ಹಿಂದೆ, ಧ್ವನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕುಳಿತವನಿಗೂ ಗುಟ್ಟಾಗಿ ಮಾತಾಡಿಕೊಳ್ಳುವ ಸಲಕರಣೆ ಇರುತ್ತದೆ, ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅದರ ಬದಲಿಗೆ ಕನ್ನಡ ಇತ್ತು. ಮೊದಲು ಕೈಸನ್ನೆ, ನಾನು ನೋಡದಿದ್ದರೆ ಹಾಡಿನ ನಡುವೆಯೇ, ರಾಗ ತಪ್ಪದಂತೆ, ‘ಗಿಟಾರ್ ಕಮ್ಮಿ ಮಾಡು ಮಾವಾ’ ಎಂದು ಹಾಡಿಬಿಡುತ್ತಿದ್ದ. ಕೇಳುವವರು ಅದನ್ನು ಇಂಗ್ಲಿಷ್ ಎಂದು ತಿಳಿದು ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ಕಾಲೇಜಿನಲ್ಲಂತೂ ‘ಇನ್ನೂ ಕಮ್ಮಿ, ಇನ್ನೂ ಕಮ್ಮಿ’ ಎಂಬ ಭಾಗವನ್ನು ಮತ್ತೊಮ್ಮೆ ಹಾಡಬೇಕೆಂದು ಹುಡುಗಿಯರು ಕೇಳಿಕೊಂಡರು. ಎರಡು ವರ್ಷ ಈ ವ್ಯವಸ್ಥೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ನಮ್ಮ ಭಾಷೆ ಯಾರಿಗೂ ತಿಳಿಯುವುದಿಲ್ಲ ಎಂಬ ಭರವಸೆಯ ಮೇಲೆ ನಾವು ಬಲು ನೆಮ್ಮದಿಯಾಗಿದ್ದೆವು. ತಿಳಿಯದ ಭಾಷೆಯಲ್ಲಿ ಜನ ತಮಗೆ ತಿಳಿದ ಪದವನ್ನು ಹುಡುಕಿಕೊಳ್ಳುತ್ತಾರೆ ಎಂಬುದು ಹೊಳೆಯಲಿಲ್ಲ.

ಆ ವರ್ಷ ಪೊಂಗಲ್‌ಗೆ ಸೂಲೂರಿನ ಆಚೆಯ ಒಂದು ಊರಿನಿಂದ ಕರೆ ಬಂತು. ಅಲ್ಲಿಯ ವ್ಯಾಪಾರಿಗಳೂ ಮಗ್ಗದ ಯಜಮಾನರೂ ಸೇರಿದ ಸಂಘವೊಂದು ಹಬ್ಬದ ಕಾರ್ಯಕ್ರಮಗಳಿಗೆ ಯುವಜನ ಬರುತ್ತಿಲ್ಲವೆಂದು ಚಿಂತಿಸಿ, ಯುವಜನರಿಗೆ ಏನು ಬೇಕೆಂದು ವಿಚಾರಿಸಿ, ನಮ್ಮನ್ನು ಕರೆಸಿತ್ತು. ದಿನ ಮಾಟ್ಟುಪ್ಪೊಂಗಲ್. ಕರ್ನಾಟಕದ ಓದುಗರಿಗಾಗಿ ಹೇಳುತ್ತೇನೆ: ಅದು ದನಗಳ ಹಬ್ಬ. ತಮಿಳಿನಲ್ಲಿ ‘ಮಾಡು’ ಎಂದರೆ ದನ, ಎತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಹಾರ, ಪೂಜೆ, ಎಲ್ಲವೂ ಅವತ್ತು ಅವುಗಳಿಗೆ. ಈ ಮಾಹಿತಿ ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ನನ್ನ ಅಳಿಯನಿಗೂ ಗೊತ್ತಿತ್ತು. ನಮ್ಮ ತಲೆಯಲ್ಲಿ ಎರಡು ಭಾಷೆಗಳು ಎರಡು ಬೇರೆ ಕೋಣೆಗಳಲ್ಲಿದ್ದವು. ನಡುವಿನ ಬಾಗಿಲು ತೆರೆದು ನೋಡಿದವರಿರಲಿಲ್ಲ.

ಬೆಳಿಗ್ಗೆ ಅದೇ ಮೈದಾನದಲ್ಲಿ ಅತ್ಯುತ್ತಮ ದನಗಳಿಗೆ ಬಹುಮಾನ ಕೊಟ್ಟಿದ್ದರು. ಅದಕ್ಕೆಂದು ವೇದಿಕೆಯ ಹಿಂದೆ ಕಟ್ಟಿದ್ದ, ಮನೆಯಷ್ಟು ಎತ್ತರದ ಹೋರಿಯ ಚಿತ್ರವನ್ನು ಸಂಜೆಗೆ ಬಿಚ್ಚಿರಲಿಲ್ಲ. ನಮ್ಮ ನಾಲ್ವರೂ ಅದರ ಮೂಗಿನ ಕೆಳಗೆ ನಿಂತರು. ವೇದಿಕೆಯ ಎದುರಿಗೆ ಸೋಫಾಗಳು, ಸೋಫಾಗಳ ಮೇಲೆ ಸಂಘದ ಹಿರಿಯರು, ಎಲ್ಲರ ಕೊರಳಲ್ಲೂ ಹಾರ. ಬೆಳಿಗ್ಗೆ ಹಾರ ಹಾಕಿಸಿಕೊಂಡದ್ದು ಯಾರೆಂಬುದನ್ನು ಆ ಕ್ಷಣದಲ್ಲಿ ನಾನು ಯೋಚಿಸಲಿಲ್ಲ. ಆಮೇಲೆ ಯೋಚಿಸಿದವರು ಬಹಳ ಜನ.

ಹಿರಿಯರಿಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಕಾರ್ಯದರ್ಶಿಯವರು ಹಟ ಹಿಡಿದು ಸೋಫಾಗಳ ಪಕ್ಕದಲ್ಲೇ ಎರಡು ಸ್ಪೀಕರ್ ಇಡಿಸಿದರು. ಹಾಡುವವನು ಮೈಕ್ ಹಿಡಿದು ಅದರ ಹತ್ತಿರ ಬಂದರೆ ಕುಯ್ಯೆಂದು ಕೂಗುತ್ತದೆ ಎಂದು ವಿವರಿಸಿದೆ. ಹುಡುಗ ಅಷ್ಟು ಮುಂದೆ ಬರುವುದಿಲ್ಲ ಬಿಡಿ ಎಂದರು. ಅವರಿಗೆ ರಾಕ್ ಸಂಗೀತದ ಪರಿಚಯವಿರಲಿಲ್ಲ.

ನಾಲ್ಕನೆಯ ಹಾಡಿಗೆ ಅಳಿಯ ಮುಂದೆ ಬಂದ. ವೇದಿಕೆಯ ಅಂಚಿಗೆ ಬಂದು, ಮಂಡಿಯೂರಿ, ಸೋಫಾಗಳತ್ತ ಬಾಗಿ ಹಾಡತೊಡಗಿದ. ಅದೇ ವೇಳೆಗೆ ಕಾರ್ಯದರ್ಶಿಯವರು ನನ್ನ ಬಳಿ ಬಂದರು. ‘ಏನುಂಗಣ್ಣಾ’ ಎಂದು ಆರಂಭಿಸಿ, ಒಂದು ಬಿಳಿ ಕಾರು ಆಂಬುಲೆನ್ಸ್ ಬರುವ ದಾರಿಗೆ ಅಡ್ಡ ನಿಂತಿರುವುದಾಗಿಯೂ, ಹಾಡು ಮುಗಿದ ಕೂಡಲೇ ಅದರ ನಂಬರನ್ನು ಮೈಕಿನಲ್ಲಿ ಸಾರಬೇಕೆಂದೂ ಹೇಳಿದರು. ನಾನು ತಲೆ ತಗ್ಗಿಸಿ ನಂಬರ್ ಬರೆದುಕೊಳ್ಳತೊಡಗಿದೆ. ಅವರು ಎರಡು ಸಲ ತಪ್ಪಾಗಿ ಹೇಳಿ ಎರಡು ಸಲ ತಿದ್ದಿದರು. ಮೂವತ್ತು ವರ್ಷದ ಅನುಭವದಲ್ಲಿ ಮಿಕ್ಸರ್‌ನಿಂದ ಕಣ್ಣು ತೆಗೆಯಬಾರದೆಂದು ಎಷ್ಟೋ ಜನರಿಗೆ ಉಪದೇಶಿಸಿದ್ದ ನಾನು, ಒಂದು ಬಿಳಿ ಕಾರಿಗಾಗಿ ಕಣ್ಣು ತೆಗೆದೆ.

ಸ್ಪೀಕರ್ ಕೂಗಿತು. ಹುಡುಗ ಕೈಸನ್ನೆ ಮಾಡಿದನಂತೆ, ಮೂರು ಸಲ. ಆಮೇಲೆ ರಾಗದಲ್ಲಿ ಹೇಳಿದ. ಆಮೇಲೆ ರಾಗ ಬಿಟ್ಟ. ಸೋಫಾಗಳ ಪಕ್ಕದ ಸ್ಪೀಕರ್ ಕಡೆ ಬೆರಳು ಚಾಚಿ, ಎಂಟು ಮಗ್ಗಗಳನ್ನು ಗೆದ್ದ ಆ ಕಂಠದಲ್ಲಿ, ಮೈಕ್ ಬಾಯಿಗೆ ಹಿಡಿದುಕೊಂಡೇ ಕೂಗಿದ:

“ಕಮ್ಮಿ ಮಾಡು. ಮಾಡು, ಮಾಡೂ.”

ನಾನು ತಲೆ ಎತ್ತಿ ಕಮ್ಮಿ ಮಾಡಿದೆ. ಕುಯ್ಯೆನ್ನುವುದು ನಿಂತಿತು. ಮೈದಾನವೂ ನಿಂತಿತು. ಎಲ್ಲೋ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗೆ ಇಲ್ಲದಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು ಎಂದು ಈಗಲೂ ನಂಬಿದ್ದೇನೆ. ನಗೆ ಹರಡಿತು, ಹಾರ ಹಾಕಿಕೊಂಡವರು ತಿರುಗಿ ನೋಡಿದರು, ಅವರ ಮಕ್ಕಳು, ಅಳಿಯಂದಿರು ಎದ್ದು ನಿಂತರು. ಒಂದು ಪ್ಲಾಸ್ಟಿಕ್ ಕುರ್ಚಿ ಗಾಳಿಯಲ್ಲಿ ಬಂದು ಡ್ರಮ್ಮಿನ ಮೇಲೆ ಬಿತ್ತು. ಆ ಸಂಜೆಯ ಕೊನೆಯ ತಾಳ ಅದೇ. ಬಿಳಿ ಕಾರಿನ ಯಜಮಾನರು ಎಲ್ಲರಿಗಿಂತ ಮೊದಲು ಕಾರು ತೆಗೆದುಕೊಂಡು ಹೋದರು. ನಾನು ಸಾರಬೇಕಾಗಲೇ ಇಲ್ಲ.

ನಮ್ಮ ಮನೆಗಳಲ್ಲಿ ಸೋದರಮಾವನನ್ನು ಏಕವಚನದಲ್ಲಿ ಮಾತಾಡಿಸುತ್ತಾರೆ. ಅದು ಸಲಿಗೆ, ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಹುಡುಗನಿಗೆ ನನ್ನನ್ನು ಬಹುವಚನದಲ್ಲಿ ಗೌರವಿಸುವ ಅಭ್ಯಾಸ ಮಾಡಿಸಿದ್ದರೆ ಅವನು ‘ಮಾಡಿ, ಮಾಡಿ’ ಎಂದು ಕೂಗುತ್ತಿದ್ದ. ತಮಿಳಿನಲ್ಲಿ ‘ಮಾಡಿ’ ಎಂದರೆ ಮಹಡಿ. ಜನ ಸ್ವಲ್ಪ ಹೊತ್ತು ಮೇಲೆ ನೋಡುತ್ತಿದ್ದರು, ಅಷ್ಟೆ. ಮಹಡಿ ಎಂದು ಕರೆಸಿಕೊಂಡು ಅವಮಾನಗೊಂಡವರು ಚರಿತ್ರೆಯಲ್ಲಿಲ್ಲ.

ಮರುದಿನದ ಹೊತ್ತಿಗೆ ಹನ್ನೊಂದು ಸೆಕೆಂಡಿನ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಅದರಲ್ಲಿ ಸ್ಪೀಕರ್ ಕಾಣುವುದಿಲ್ಲ. ಅದು ಕುಯ್ಯೆನ್ನುವ ಸದ್ದನ್ನು ಯಾರೋ ಶ್ರದ್ಧೆಯಿಂದ ತೆಗೆದು ಹಾಕಿದ್ದರು. ಮಂಡಿಯೂರಿದ ಹುಡುಗ, ಚಾಚಿದ ಬೆರಳು, ಬೆರಳಿನ ತುದಿಯಲ್ಲಿ ಹಾರ ಹಾಕಿಕೊಂಡ ಹಿರಿಯರು, ಹಿಂದೆ ಹೋರಿ, ಬಾಯಲ್ಲಿ ‘ಮಾಡು, ಮಾಡೂ’. ವೃತ್ತಿಯವನಾಗಿ ಹೇಳಬೇಕಾದರೆ, ಧ್ವನಿ ಬಹಳ ಸ್ಪಷ್ಟವಾಗಿತ್ತು. ನಾನೇ ಕೂರಿಸಿದ ಸೌಂಡು.

ಸತ್ಯ ಏನೆಂದು ತಿಳಿದವರು ನಾನು ಮತ್ತು ಅಳಿಯ. ಹೇಳಿಬಿಟ್ಟರಾಯಿತು ಎಂದುಕೊಂಡೆವು. ಆಗ ಪೊಲೀಸ್ ಠಾಣೆಯಿಂದ ಕರೆ ಬಂತು. ಊರಿನ ಕೆಲವು ಯುವಕರು ದೂರು ಕೊಟ್ಟಿದ್ದರು. ಇನ್ಸ್‌ಪೆಕ್ಟರ್ ಸಭ್ಯರು, ಕೂರಿಸಿ, ಟೀ ತರಿಸಿ, ನನ್ನ ವಿವರಣೆಯನ್ನು ಪೂರ್ತಿ ಕೇಳಿದರು. ಕನ್ನಡದಲ್ಲಿ ‘ಮಾಡು’ ಎಂದರೆ ‘ಪಣ್ಣು’ ಎಂದು ಅರ್ಥ ಸಾರ್ ಎಂದು ಎರಡು ಉದಾಹರಣೆಗಳ ಸಹಿತ ನಿರೂಪಿಸಿದೆ. ಅವರು ಬಹಳ ಹೊತ್ತು ಮೀಸೆ ಸವರಿದರು. ಆಮೇಲೆ ತಮಿಳಿನಲ್ಲಿ ಮೆತ್ತಗೆ ಹೇಳಿದ್ದರ ಸಾರಾಂಶ ಇಷ್ಟು: ಹುಡುಗ ದನ ಅಂದದ್ದು ತಮಿಳಿನಲ್ಲಿ ಎಂದಾದರೆ ಇದು ಒಂದು ಊರಿನ ಜಗಳ, ಕ್ಷಮೆ ಕೇಳಿದರೆ ನಾಳೆಗೆ ಮುಗಿಯುತ್ತದೆ. ಅಂದದ್ದು ಕನ್ನಡದಲ್ಲಿ ಎಂದಾದರೆ ಇದು ಎರಡು ರಾಜ್ಯಗಳ ಜಗಳ. ನದಿ, ಅಣೆಕಟ್ಟು ಎಲ್ಲ ಬಂದುಬಿಡುತ್ತದೆ. ಅದು ತಮ್ಮ ಠಾಣೆಯ ಶಕ್ತಿಗೆ ಮೀರಿದ್ದು. ಯಾವುದು ಅನುಕೂಲವೋ ಯೋಚಿಸಿ ಹೇಳಿ ಎಂದರು. ನಮ್ಮ ಮೇಲಿನ ಆರೋಪಕ್ಕಿಂತ ನಮ್ಮ ಸಮರ್ಥನೆಯೇ ದೊಡ್ಡ ಅಪರಾಧವೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಟೀ ಚೆನ್ನಾಗಿತ್ತು.

ಅವರು ಹೇಳಿದ್ದು ಉತ್ಪ್ರೇಕ್ಷೆಯೂ ಆಗಿರಲಿಲ್ಲ. ಆ ಸಂಜೆಯೇ ಬೆಂಗಳೂರು ಕಡೆಯಿಂದ ಕನ್ನಡ ಸಂಘಟನೆಯ ಒಬ್ಬರು ಫೋನ್ ಮಾಡಿದರು. ಎಲ್ಲಿಂದ ಸುದ್ದಿ ಹೋಯಿತೋ. ಅವರ ಕನ್ನಡ ಅಚ್ಚ ಕನ್ನಡ, ಅಚ್ಚಿನಲ್ಲಿ ಹಾಕಿದ ಹಾಗೆ. ಕನ್ನಡಿಗನೆಂಬ ಕಾರಣಕ್ಕೆ ನಿಮ್ಮ ಅಳಿಯನ ಮೇಲೆ ಹಲ್ಲೆ ನಡೆದಿದೆಯೇ ಎಂದು ವಿಚಾರಿಸಿದರು. ಕುರ್ಚಿ ಬಿದ್ದದ್ದು ಡ್ರಮ್ಮಿನ ಮೇಲೆ ಎಂದಾಗ ಅವರಿಗೆ ಸ್ವಲ್ಪ ನಿರಾಶೆಯಾಯಿತು. ಆದರೂ ಹುಡುಗ ಕನ್ನಡದಲ್ಲಿ ನಾಲ್ಕು ಮಾತಾಡಿ ಕಳಿಸಲಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಫೋನು ಅಳಿಯನ ಕೈಗೆ ಕೊಟ್ಟೆ. ಅವನು ನಮ್ಮ ಮನೆಯ ಕನ್ನಡದಲ್ಲಿ, ಅಂದರೆ ಮೂರರಲ್ಲಿ ಒಂದು ಮಾತು ತಮಿಳು ಸೇರಿಸಿ, ನಡೆದದ್ದನ್ನು ಹೇಳಿದ. ಆ ಕಡೆಯವರು, ಇದು ಕನ್ನಡವೇ ಎಂದು ಕೇಳಿದರು. ಮತ್ತೆ ಫೋನ್ ಮಾಡಲಿಲ್ಲ. ಮಾಡದಿದ್ದದ್ದು ಒಳ್ಳೆಯದೇ ಆಯಿತು. ಆದರೆ ಹುಡುಗನ ಮುಖ ನೋಡಿದರೆ ಹಾಗೆ ಅನ್ನಿಸಲಿಲ್ಲ.

ಉಳಿದದ್ದು ಒಂದೇ ದಾರಿ. ಸಂಘದ ಅಧ್ಯಕ್ಷರು ಸೋಫಾದ ನಟ್ಟನಡುವೆ ಕುಳಿತಿದ್ದವರು. ವಿಡಿಯೋದಲ್ಲಿ ಬೆರಳು ಚಾಚಿದ್ದು ಹೆಚ್ಚುಕಡಿಮೆ ಅವರ ಎದೆಗೇ. ನಮ್ಮವರೇ ಅವರು. ಅವರ ಮನೆಯಲ್ಲೂ ಕನ್ನಡ. ಇದು ಆ ಊರಿಗೆಲ್ಲ ಗೊತ್ತು. ಗೊತ್ತಿದೆ ಎಂದು ಯಾರೂ ಹೇಳುವುದಿಲ್ಲ, ಅವರೂ ಹೇಳಿಕೊಳ್ಳುವುದಿಲ್ಲ. ಅಂಥ ಒಂದು ಒಪ್ಪಂದ. ಅವರು ಎದ್ದು ನಿಂತು, ಹುಡುಗ ನಮ್ಮನ್ನು ಏನೂ ಅನ್ನಲಿಲ್ಲ, ಸ್ಪೀಕರ್ ಬಗ್ಗೆ ಹೇಳಿದ ಎಂದರೆ ಸಾಕಾಗಿತ್ತು. ಬೈಸಿಕೊಂಡವರೇ ಬೈಯಲಿಲ್ಲ ಎಂದಮೇಲೆ ಉಳಿದವರದೇನು?

ಭಾನುವಾರ ಬೆಳಿಗ್ಗೆ ನಾನೂ ತಂಗಿಯೂ ಅವರ ಮನೆಗೆ ಹೋದೆವು. ಅಳಿಯನನ್ನು ಕರೆದೊಯ್ಯಲಿಲ್ಲ. ಅವರ ಹೆಂಡತಿ ಬಾಗಿಲಲ್ಲೇ ತಂಗಿಯ ಕೈ ಹಿಡಿದು, ‘ಬಾ ತಾಯಿ, ಸೊರಗಿಬುಟ್ಟಿದ್ದಿ’ ಎಂದು ಒಳಗೆ ಕರೆದೊಯ್ದರು. ಅಧ್ಯಕ್ಷರು ಬನಿಯನ್ನಿನಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಹಾರವಿಲ್ಲದೆ ನೋಡಿದಾಗ ಇನ್ನೂ ಚಿಕ್ಕವರಾಗಿ ಕಂಡರು. ನಾನು ವಿಷಯ ಎತ್ತುವ ಮೊದಲೇ ಅವರು ಹೇಳಿದರು.

“ನಂಗೆ ಅಲ್ಲೇ ಅರ್ಥ ಆಯ್ತಪ್ಪಾ. ತಿರ್ಗಿ ನೋಡಿದ್ರೆ ನೀ ತಲೆ ತಗ್ಗಿಸ್ಕೊಂಡು ಏನೋ ಬರೀತಿದ್ದೆ. ಹುಡ್ಗ ಕಮ್ಮಿ ಮಾಡು ಅಂದ. ನಾನೇ ಕೂಗಿ ನಿಂಗೆ ಹೇಳೋಣ ಅಂತಿದ್ದೆ.”

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಾಗಾದರೆ ಅದನ್ನೇ ಸಂಘದಲ್ಲಿ ಹೇಳಿಬಿಡಿ ಅಣ್ಣಾ ಎಂದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು.

“ಹೇಳಬೌದು. ಹೇಳಿದ್ರೆ, ನಿಮಗೆ ಹೆಂಗೆ ತಿಳೀತು ಅಂತ ಒಬ್ಬ ಕೇಳ್ತಾನೆ. ಆ ಕೇಳ್ವಿನ ಯಾರೂ ಕೇಳ್ದಂಗೆ ನಲವತ್ತು ವರ್ಷ ಇದ್ದೀನಪ್ಪಾ ನಾನು. ನನ್ ಮಕ್ಕಳ ಮದುವೆ ಇಲ್ಲೇ, ಮಗ್ಗ ಇಲ್ಲೇ. ಈಗ ಕೂತಿರೋ ಜಾಗದಿಂದ ಎದ್ದು ನಿಂತ್ರೆ, ಮತ್ತೆ ಕೂರಾಕೆ ಜಾಗ ಇರತ್ತೋ ಇಲ್ವೋ.”

ಕೋಪದಿಂದ ಹೇಳಲಿಲ್ಲ. ನಾನೂ ಅವರ ಜಾಗದಲ್ಲಿದ್ದರೆ ಹೀಗೇ ಪೇಪರ್ ಮಡಿಸುತ್ತಿದ್ದೆ ಎಂದು ಅಲ್ಲೇ ತಿಳಿಯಿತು. ಅದರಿಂದ ಏನೂ ಸಹಾಯವಾಗಲಿಲ್ಲ. ಹುಡುಗ ಒಂದು ಸಲ ಕ್ಷಮೆ ಕೇಳಲಿ, ನಾನು ಎಲ್ಲರೆದುರು ಬೆನ್ನು ತಟ್ಟಿ ಮುಗಿಸುತ್ತೇನೆ, ಯಾರೂ ಒಂದು ಮಾತು ಆಡದಂತೆ ನೋಡಿಕೊಳ್ಳುತ್ತೇನೆ ಎಂದರು. ಅದು ಅವರ ಕೈಯಲ್ಲಿತ್ತು, ಅಷ್ಟನ್ನು ಕೊಟ್ಟರು. ಒಳಗಿನಿಂದ ಅವರ ಹೆಂಡತಿ ನಮಗೆ ಇಡ್ಲಿ ತಂದಿಟ್ಟರು. ತಿಂದೆವು, ಬೇಡವೆನ್ನುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ.

ಹಿಂದಿರುಗುವಾಗ ಬಸ್ಸು ಸೂಲೂರು ದಾಟಿತು. ತಂಗಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು.

“ಒಂದ್ ಸಲ ತಲೆ ಎತ್ತಿ ನೋಡಿದ್ರೆ ಆಗ್ತಿತ್ತಲ್ಲಣ್ಣಾ.”

ಅಷ್ಟೆ. ಅವಳು ಅದನ್ನು ಮತ್ತೆ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ನಾನು ಏನಾದರೂ ಉತ್ತರ ತಯಾರು ಮಾಡಿಕೊಳ್ಳುತ್ತಿದ್ದೆ.

ನಾನು ಸುಮ್ಮನೆ ಕೂರಲಿಲ್ಲ ಎಂಬುದು ದಾಖಲಾಗಬೇಕು. ಅಂಗಡಿಯಲ್ಲಿ, ಹಿಂದೆ ನೀಲಿ ಬಟ್ಟೆ ಕಟ್ಟಿ, ಕನ್ನಡದ ಹೆಸರೆತ್ತದೆ, ತಪ್ಪು ಸೌಂಡ್‌ನವನದು, ಹುಡುಗ ಸ್ಪೀಕರ್ ಕಡೆ ಕೈ ತೋರಿಸಿದ, ಬೇಕಾದರೆ ನನ್ನನ್ನು ಬೈಯಿರಿ ಎಂದು ತಮಿಳಿನಲ್ಲಿ ಮಾತಾಡಿ ವಿಡಿಯೋ ಹಾಕಿದೆ. ನೋಡಿದ್ದು ಹದಿನಾಲ್ಕು ಸಲ. ಅದರಲ್ಲಿ ಎಂಟು ಸಲ ನಾನೇ. ಒಬ್ಬರು ಕೆಳಗೆ ಬರೆದಿದ್ದರು, ಆ ಹಿಂದೆ ಕಾಣುವ ಆಂಪ್ಲಿಫೈಯರ್ ಮಾರಾಟಕ್ಕಿದೆಯೇ ಎಂದು.

ಕ್ಷಮಾಪಣೆ ಸಂಘದ ಕಚೇರಿಯ ಮೆಟ್ಟಿಲ ಮೇಲೆ ನಡೆಯಿತು. ಒಕ್ಕಣೆ ಕಾರ್ಯದರ್ಶಿಯವರದು, ಒಳ್ಳೆಯ ತಮಿಳು, ಮದುವೆ ಪತ್ರಿಕೆಯ ಗಾಂಭೀರ್ಯ. ಯೌವನದ ಮದದಲ್ಲಿ ಹಿರಿಯರನ್ನು ಮಾಡು ಎಂದು ಕರೆದ ತಪ್ಪಿಗಾಗಿ ಎಂದು ಶುರುವಾಗುತ್ತಿತ್ತು. ಮೆಟ್ಟಿಲೇರುವ ಮುನ್ನ ಅಳಿಯ ಕಾಗದವನ್ನು ನನಗೆ ತೋರಿಸಿ, ‘ಕರೆದ’ ಎಂಬುದನ್ನು ‘ಕರೆದಂತೆ ಕೇಳಿಸಿದ’ ಎಂದು ತಿದ್ದಬಹುದಾ ಎಂದು ಕೇಳಿದ. ನಾನು ಹೋಗಿ ಕಾರ್ಯದರ್ಶಿಯವರನ್ನು ಕೇಳಿದೆ. ಕೇಳಿಸಿಕೊಂಡವರ ಕಿವಿಯಲ್ಲಿ ದೋಷವೆಂದಂತಾಗುತ್ತದೆ, ಆಗದು ಎಂದರು. ಹುಡುಗ ಹಾಗೇ ಓದಿದ. ಎಂಟು ಮಗ್ಗಗಳ ಕಂಠವಲ್ಲ ಅದು. ಎದುರಿಗೆ ನಿಂತಿದ್ದವರು ಸ್ವಲ್ಪ ಜೋರಾಗಿ ಓದು ಎಂದರು. ಎರಡನೆಯ ಸಲ ಜೋರಾಗಿ ಓದಿದ. ಅಧ್ಯಕ್ಷರು ಮಾತು ಉಳಿಸಿಕೊಂಡರು: ಬೆನ್ನು ತಟ್ಟಿದರು, ತಂಬಿ ಎಂದರು, ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಒಟ್ಟಿನಲ್ಲಿ ಒಂದು ಸನ್ಮಾನ ಸಮಾರಂಭದಂತೆಯೇ ಇತ್ತು. ಮೈಕ್ ನನ್ನದೇ.

ಇನ್ಸ್‌ಪೆಕ್ಟರ್ ಹೇಳಿದ್ದು ನಿಜವಾಯಿತು. ಊರಿನ ಜಗಳ ಮರುದಿನಕ್ಕೆ ಮುಗಿಯಿತು. ಆದರೆ ಈಗ ಎರಡು ವಿಡಿಯೋಗಳಿದ್ದವು: ಒಂದರಲ್ಲಿ ಅಂದದ್ದು, ಇನ್ನೊಂದರಲ್ಲಿ ಅಂದೆ ಎಂದು ಒಪ್ಪಿಕೊಂಡದ್ದು. ಏಳು ಕಾಲೇಜುಗಳವರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಯಾರೂ ಅಸಭ್ಯವಾಗಿ ಮಾತಾಡಲಿಲ್ಲ. ಒಬ್ಬರಿಗೆ ಪರೀಕ್ಷೆ ಹತ್ತಿರ ಬಂತು, ಒಬ್ಬರಿಗೆ ಸಭಾಂಗಣಕ್ಕೆ ಸುಣ್ಣ ಹೊಡೆಸಬೇಕಾಯಿತು. ಆರನೆಯವರು ಮಾತ್ರ ನೇರವಾಗಿ, ಬ್ಯಾಂಡ್ ಬರಲಿ, ಹಾಡುವವರು ಬೇರೆ ಇದ್ದರೆ ಒಳ್ಳೆಯದು ಎಂದರು. ಗಿಟಾರಿನವನು ನನ್ನ ಅಂಗಡಿಗೆ ಬಂದು, ಅರ್ಧ ಗಂಟೆ ಹಳೆಯ ಸ್ಪೀಕರುಗಳ ಬಗ್ಗೆ ಮಾತಾಡಿ, ಕೊನೆಗೆ ಇದನ್ನು ಹೇಳಿದ. ಅವನಿಗೂ ಅವನ ಮನೆಯಲ್ಲಿ ಇಂಥದೇ ಒಂದು ಗಡುವು ಇತ್ತು. ಅಳಿಯನೇ ಅವನಿಗೆ ಹೊಸ ಗಾಯಕನನ್ನು ಹುಡುಕಿಕೊಟ್ಟ. ನನ್ನನ್ನು ಬಿಡಲಿಲ್ಲ, ಮಿಕ್ಸರ್, ಸ್ಪೀಕರ್ ಎಲ್ಲ ನನ್ನವೇ ತಾನೇ. ಹೀಗೆ ತಪ್ಪು ಮಾಡಿದವನು ಬ್ಯಾಂಡಿನಲ್ಲಿ ಉಳಿದೆ. ಬಿಡುತ್ತೇನೆ ಎಂದು ಅಳಿಯನಿಗೆ ಹೇಳಿದಾಗ, ನೀನೂ ಬಿಟ್ಟರೆ ಆ ಮೂವರ ಗತಿಯೇನು ಮಾವ ಎಂದ.

ಗಡುವಿಗೆ ಇನ್ನೂ ಮೂರು ತಿಂಗಳಿರುವಾಗಲೇ ಅವನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ವಿಭಾಗಕ್ಕೆ ಸೇರಿದ. ಹೊಲಿದು ಬಂದ ಬನಿಯನ್ನುಗಳಲ್ಲಿ ತಪ್ಪು ಹುಡುಕುವ ಕೆಲಸ. ತಂಗಿ ಎರಡು ವರ್ಷ ಪೂರ್ತಿ ತೆಗೆದುಕೋ ಎಂದು ಬೇಡಿಕೊಂಡಳಂತೆ. ಕೊಟ್ಟ ಗಡುವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದಳಂತೆ.

ಮುಂದಿನ ಪೊಂಗಲ್ ಹತ್ತಿರ ಬಂದಾಗ ಅದೇ ಸಂಘದಿಂದ ಫೋನ್ ಬಂತು. ಅಧ್ಯಕ್ಷರೇ ಮಾತಾಡಿದರು, ತಮಿಳಿನಲ್ಲಿ, ಪಕ್ಕದಲ್ಲಿ ಜನರಿದ್ದರು. ಈ ಸಲವೂ ನಮ್ಮ ಬ್ಯಾಂಡೇ ಬೇಕೆಂದು ಯುವಕರು ಹಟ ಹಿಡಿದಿದ್ದಾರೆ ಎಂದರು. ದೂರು ಕೊಟ್ಟ ಯುವಕರೇ ಎಂದು ಕೇಳಿದೆ. ಅವರೇ ಎಂದರು, ನಗುತ್ತ. ಹೋದ ವರ್ಷದ್ದೆಲ್ಲ ಈಗ ಒಂದು ತಮಾಷೆಯಾಗಿದೆ, ಮೊನ್ನೆ ಒಬ್ಬರ ಮದುವೆಯಲ್ಲಿ ಆ ವಿಡಿಯೋ ಹಾಕಿಕೊಂಡು ಎಲ್ಲರೂ ನಕ್ಕೆವು, ಆ ತಂಬಿಯೇ ಹಾಡಬೇಕು, ಅಂಥ ಕಂಠ ಈಗಿನವನಿಗಿಲ್ಲ ಎಂದರು.

ನಾನು ಕೊಯಮತ್ತೂರಿನ ಗಾಂಧಿಪುರಂ ನಿಲ್ದಾಣದಿಂದ ಬಸ್ಸು ಹಿಡಿದು ತಿರುಪ್ಪೂರಿಗೆ ಹೋದೆ. ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಂಪನಿಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಅವನ ಅಂಗಿಯ ತುಂಬ ಹತ್ತಿಯ ಎಳೆಗಳು. ನಾನು ಇಡೀ ಬಸ್ ಪ್ರಯಾಣದಲ್ಲಿ ಕಟ್ಟಿಕೊಂಡು ಬಂದಿದ್ದ ಭಾಷಣವನ್ನು ಒಪ್ಪಿಸಿದೆ: ಅವರೇ ಮರೆತಿದ್ದಾರೆ, ಅವರೇ ಕರೆಯುತ್ತಿದ್ದಾರೆ, ಒಂದು ಸಲ ಹಾಡಿಬಿಟ್ಟರೆ ಕಾಲೇಜುಗಳೂ ಬರುತ್ತವೆ, ಗಿಟಾರಿನವನೂ ಒಪ್ಪಿದ್ದಾನೆ. ಅವನು ಟೀ ಮುಗಿಯುವವರೆಗೆ ಕೇಳಿಸಿಕೊಂಡ.

“ಅವ್ರು ಹಾಡೋನನ್ನ ಕರೀತಿಲ್ಲ ಮಾವ,” ಎಂದ. “ತಾವು ಮನ್ನಿಸಿದೋನನ್ನ ಕರೀತಾರೆ. ನಾ ಹೋಗಿ ನಿಂತ್ರೆ, ಅವತ್ತು ಅಂದಿದ್ದು ನಿಜ ಅಂತ ನಾನೇ ಇನ್ನೊಂದ್ ಸಲ ಓದ್ದಂಗೆ.”

ನೀನು ಅನ್ನಲಿಲ್ಲವಲ್ಲೋ ಎಂದೆ. ಅದು ನಮ್ಮಿಬ್ಬರಿಗೂ ಮೊದಲೇ ಗೊತ್ತಿದ್ದ ಸಂಗತಿ. ಅವನು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, ಅಮ್ಮನಿಗೆ ಇದನ್ನು ಹೇಳಬೇಡ, ಕರೆದಿದ್ದರು ಅಂತ ಗೊತ್ತಾದರೆ ಆಸೆ ಪಡುತ್ತಾಳೆ ಎಂದ. ಹೊಸ ಗಾಯಕನ ಕಂಠ ಸ್ವಲ್ಪ ಮೂಗಿನಲ್ಲಿದೆ, ಅದಕ್ಕೆ ಮಿಕ್ಸರ್‌ನಲ್ಲಿ ಏನು ತಗ್ಗಿಸಬೇಕು, ಏನು ಏರಿಸಬೇಕು ಎಂದು ವಿವರವಾಗಿ ಹೇಳಿಕೊಟ್ಟ. ಅದು ನನಗೆ ಗೊತ್ತಿರುವ ವಿಷಯ, ಗೊತ್ತಿಲ್ಲದವನಂತೆ ಕೇಳಿದೆ. ಬಿಡುವು ಮುಗಿದ ಸೈರನ್ ಆಯಿತು. ಒಳಗೆ ಹೋದ.

ಅಲ್ಲೇ ಬೆಂಚಿನ ಮೇಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಹುಡುಗನಿಗೆ ಕಂಪನಿಯಲ್ಲಿ ರಜೆ ಸಿಗಲಿಲ್ಲ ಎಂದೆ, ತಮಿಳಿನಲ್ಲಿ. ಅವರು ಬಹಳ ನೊಂದುಕೊಂಡರು. ಹಬ್ಬಕ್ಕೂ ರಜೆ ಕೊಡದ ಇಂಥ ಕಂಪನಿಗಳಿಂದಲೇ ಕಲೆ ನಾಶವಾಗುತ್ತಿದೆ ಎಂದರು. ಬರುವ ವರ್ಷ ಈಗಲೇ ಹೇಳಿಟ್ಟು ರಜೆ ತೆಗೆದುಕೊಳ್ಳಲಿ, ಜಾಗ ಅವನಿಗಾಗಿ ಕಾದಿರಿಸಿರುತ್ತೇವೆ ಎಂದರು.

ಆಗಲಿ ಎಂದೆ.